ಮರಿಗೆ

ಜುಲೈ. ಕೊಂಢವಾದ ನಮ್ಮ ಗಲ್ಲಿಯಲ್ಲಿ
ನಾಲ್ಕು ದಿನದಿಂದ ಯಾರ ಬಟ್ಟೆಯೂ ಒಣಗಿಲ್ಲ.
ಒದ್ದೆ ಅಂಗಿಗಳನ್ನೇ ತಂದು ಸುರಿಯುತ್ತಾರೆ,
ಇಸ್ತ್ರಿಯಲ್ಲೇ ಒಣಗಿಸಿಬಿಡು ಅನ್ನುತ್ತಾರೆ.
ನಾನೇನು ಸೂರ್ಯನಾ?

ಮೂರನೇ ಮಹಡಿಯ ಶಕೀಬಾ ಇಳಿದು ಬಂದಳು.
ಕೈಯಲ್ಲಿ ಬಟ್ಟೆಯ ಗಂಟಿಲ್ಲ,
ಶಾಲು ಸುತ್ತಿ ಏನನ್ನೋ ಎದೆಗವಚಿಕೊಂಡಿದ್ದಾಳೆ
ಮೈಬಿಸಿಯಾದ ಕೂಸಿನ ಹಾಗೆ.
"ಅಕ್ಕಾ, ಇದಕ್ಕೂ ಸ್ವಲ್ಪ ಶಾಖ ಕೊಡಬಹುದಾ?"
ಧಾರಾವಾಹಿ ನೋಡಿ ಕಲಿತ ಹಿಂದಿ,
ಬೆಂಕಿ ಕೇಳುವಾಗಲೂ
ಅತ್ತೆಯೆದುರು ನಿಂತ ಸೊಸೆಯ ಧಾಟಿ.

ಶಾಲು ಸರಿಸಿದರೆ ರುಬಾಬು.
ಗಿಡ್ಡ ಕುತ್ತಿಗೆ, ಸೊಂಟ ಕಚ್ಚಿದ ಹೊಟ್ಟೆ,
ಕುತ್ತಿಗೆಗೆ ಚಿಪ್ಪಿನ ಹೂವು, ಎರಡು ಉದುರಿವೆ.
ಹೊಟ್ಟೆಯ ಚರ್ಮಕ್ಕೆ ಬೆರಳು ತಟ್ಟಿದಳು: ಧಪ್.
ಮೆತ್ತಗಾದ ಹಪ್ಪಳ.
"ಮರ ಕಾಬೂಲಿನದು, ಚರ್ಮ ಇಲ್ಲಿ ಹೊದೆಸಿದ್ದು.
ಈ ಊರಿನ ಮೇಕೆ ಮಳೆ ಮರೆತಿಲ್ಲ, ಅಕ್ಕಾ."

ಇಸ್ತ್ರಿಪೆಟ್ಟಿಗೆಯ ಬಾಯಿ ತೆರೆದೆ.
ಕೆಂಡದಿಂದ ಗೇಣು ಮೇಲೆ
ಅವಳು ಕುತ್ತಿಗೆ, ನಾನು ತಳ ಹಿಡಿದು
ಸೀಯದ ಹಾಗೆ ಮೆಲ್ಲಗೆ ತಿರುಗಿಸಿದೆವು.
ಯಾವ ಮರ ಇದು ಅಂದೆ.
"ತೂತ್" ಅಂದಳು.
ಒಳಗೆಲ್ಲ ಟೊಳ್ಳು ತಾನೆ,
ತೂತೇ ಸರಿ ಅಂದುಕೊಂಡು ಸುಮ್ಮನಾದೆ.
ನಕ್ಕದ್ದು ನೋಡಿ ಅವಳು ಮೊಬೈಲು ತೆಗೆದು
ಒಂದು ಎಲೆಯ ಚಿತ್ರ ತೋರಿಸಿದಳು.

ಹಿಪ್ಪುನೇರಳೆ!
ಶಿಡ್ಲಘಟ್ಟದವಳಿಗೆ ಈ ಎಲೆಯ ಪಾಠವೇ?
ಮದುವೆಯಾಗುವವರೆಗೂ ನನ್ನ ಉಗುರಿನ ಹಸಿರು ಇದರದ್ದೇ.
ಆದರೆ ನಮ್ಮಲ್ಲಿ ಅದು ಮರವಲ್ಲವೇ, ಶಕೀಬಾ, ಕಡ್ಡಿ.
ಮೊಣಕಾಲುದ್ದಕ್ಕೆ ಕಡಿ, ಚಿಗುರಲಿ, ಮತ್ತೆ ಕಡಿ.
ಹಣ್ಣು ಬಿಟ್ಟರೆ ಸೊಪ್ಪು ಕೆಟ್ಟಿತೆಂದು ಅಪ್ಪ ಬೈಯುತ್ತಿದ್ದ.
ಹುಳು ನಾಲ್ಕನೇ ಜ್ವರದಿಂದೆದ್ದ ರಾತ್ರಿ
ತಟ್ಟೆಗಳ ಪಕ್ಕ ಮಲಗಿದವರಿಗೆ
ಸುರಿಮಳೆಯ ಸದ್ದು;
ಬಾಗಿಲು ತೆಗೆದರೆ ಅಂಗಳದಲ್ಲಿ ಬೆಳದಿಂಗಳು, ಒಣ ಮಣ್ಣು.
ಬಿಟ್ಟರೆ ಇದು ತೋಳು ಚಾಚಿ ತಬ್ಬುವಷ್ಟು ದಪ್ಪವಾಗುತ್ತದೆಂದು
ನಮಗ್ಯಾರೂ ಹೇಳಲಿಲ್ಲ.

ಅವಳ ಅಜ್ಜ ನುಡಿಸುತ್ತಿದ್ದದ್ದಂತೆ.
ನುಡಿಸುವುದು ತಪ್ಪೆಂದು ಕೆಲವರು ಬೀದಿಗಿಳಿದ ವಾರ
ಅಜ್ಜಿ ತಂತಿ ಬಿಚ್ಚಿ, ಚರ್ಮ ತಾನೇ ಹರಿದು,
ಹೊಟ್ಟೆಯೊಳಗೆ ಒಣ ಹಣ್ಣು ತುಂಬಿಸಿ ಕೊಟ್ಟಳಂತೆ.
ಗಡಿಯಲ್ಲಿ ಕೇಳಿದವನಿಗೆ
ಹಿಟ್ಟು ಕಲಸುವ ಮರಿಗೆ ಅಂದರು.
ಅವನೂ ನಂಬಿದ.
ಅಥವಾ ಅವನ ಮನೆಯಲ್ಲೂ ಅಂಥ ಮರಿಗೆಯೊಂದಿತ್ತೋ ಏನೋ,
ಹೋಗಿ ಅಂದನಂತೆ, ಮುಖ ನೋಡದೆ.

ಚರ್ಮ ಬಿಗಿಯಿತು. ಟಣ್ ಅಂದಿತು.
ಬಟ್ಟೆಗಂಟಿನ ಮೇಲೆ ಕೂತು ಕಿವಿ ಹಿಂಡಿ ಶ್ರುತಿ ಮಾಡಿದಳು.
ಮೀಟುವ ತಂತಿ ಮೂರೇ.
ಪಕ್ಕದಲ್ಲಿ ಸಾಲು ನಿಂತ ಸಣ್ಣವನ್ನು ಯಾರೂ ಮುಟ್ಟುವುದಿಲ್ಲ,
ದೊಡ್ಡವು ಮಾತಾಡಿದರೆ
ಕತೆ ಕೇಳುವ ಮಕ್ಕಳ ಹಾಗೆ ಹೂಂಗುಟ್ಟುತ್ತವೆ.
ಯಾವ ಮಟ್ಟೋ ನಾನರಿಯೆ.
ಮದುವೆಯಲ್ಲಿ ಸುತ್ತುಗಟ್ಟಿ ಕುಣಿಯುವಾಗಿನದು ಅಂದಳು,
ಮೊದಲು ಮೆಲ್ಲಗೆ,
ಆಮೇಲೆ ಹೆಗಲ ಮೇಲಿನ ಕೂದಲು ಹಾರುವಷ್ಟು.
ಬೆರಳು ಓಡಿತು, ತಲೆ ಮಾತ್ರ ತಗ್ಗಿಸಿಯೇ ಇತ್ತು.

ನನಗೆ ಕೇಳಿದ್ದು ಹುಳು ಮೇಯುವ ಸದ್ದು.
ತಗಡಿನ ಮೇಲಿನ ಮಳೆಯೂ ಇರಬಹುದು,
ಬಾಗಿಲಿಲ್ಲದ ಅಂಗಡಿ, ನೋಡಿದ್ದರೆ ತಿಳಿಯುತ್ತಿತ್ತು.
ನೋಡಲಿಲ್ಲ.

ಎಷ್ಟು ಕೊಡಲಿ ಅಂದಳು.
ಅಂಗಿಗೆ ಎಂಟು, ಸೀರೆಗೆ ನಲವತ್ತು,
ಇದಕ್ಕೆ ದರವಿಲ್ಲ, ನಡಿ.
ಸಂಜೆ ಕಾಗದದ ಪೊಟ್ಟಣ ಕಳಿಸಿದಳು:
ಬಿಳಿ ಒಣ ಹಣ್ಣು, ಹುಳುವಿನ ಹಾಗೇ ಇದೆ,
ಮರಿಗೆಯಲ್ಲಿ ಬಂದದ್ದರಲ್ಲಿ ಉಳಿದ ಒಂದು ಹಿಡಿ.
ಬಾಯಿಗಿಟ್ಟೆ. ಹಲ್ಲಿಗೆ ಅಂಟುವ ಸಿಹಿ.
ಅಪ್ಪನಿಗೊಂದು ತಿನ್ನಿಸಬೇಕಿತ್ತು.

ಈಗ ಕೋಪರ್ಡೆ ಮೇಷ್ಟ್ರ ಅಂಗಿಯ ಬೆನ್ನಿಗೆ
ಇಸ್ತ್ರಿ ಗುರುತು ಕೂತಿದೆ, ಕಂದು ಬಣ್ಣದ್ದು.
ಏನು ಮಾಡುತ್ತಿದ್ದೆ ಅಂತ ಕೇಳಿದರೆ
ಏನು ಹೇಳಲಿ,
ಹಿಟ್ಟು ಕಲಸುತ್ತಿದ್ದೆ ಅನ್ನಲೇ?